ಮೊದಲು ಕೇಳಿದ್ದು ಯಾರು

15 ಡಿಸೆಂಬರ್ 2024, ಭಾನುವಾರ. ಚಳ್ಳಕೆರೆ.

ಪುಸ್ತಕ ಬಿಡುಗಡೆಯಾಯಿತು. ಅದರಲ್ಲೊಂದು ತಪ್ಪಿದೆ. ಬೇಸರವಾಗಬೇಕಿತ್ತು, ಆಗುತ್ತಿಲ್ಲ.

ಮೊಳಕಾಲ್ಮುರಿನ ರೇಷ್ಮೆ ಮಗ್ಗದವರನ್ನು ಒಗ್ಗೂಡಿಸಿ ಮುಷ್ಕರಕ್ಕಿಳಿಸಿದ, ಎರಡು ಸಲ ಜೈಲು ಕಂಡ ಕಾಟಮ್ಮನ ಹೆಸರು ಈಗ ಅಲ್ಲಿಯವರಿಗೇ ಗೊತ್ತಿಲ್ಲ. ಅದಕ್ಕೇ ಆರು ವರ್ಷ ಕೂತು ಅವರ ಜೀವನಚರಿತ್ರೆ ಬರೆದೆ. ಮಗ್ಗಕ್ಕೆ ನೂಲು ಸುತ್ತಲು ಬರುತ್ತಿದ್ದ ಸಕೀನಾ ಬೀಯನ್ನು ಅವರು ಪ್ರೀತಿಸಿ, ತೀರಿಕೊಳ್ಳುವವರೆಗೂ ಮೂವತ್ತೊಂದು ವರ್ಷ ಜೊತೆಯಲ್ಲಿ ಸಂಸಾರ ಮಾಡಿದ್ದನ್ನೂ ಮುಚ್ಚಿಡದೆ ಬರೆದೆ.

ಇವತ್ತು ಮೊಳಕಾಲ್ಮುರಿನ ಬಿಡುಗಡೆ ಸಭೆಯಲ್ಲಿ ಕಾಟಮ್ಮನ ತಮ್ಮನ ಮಗ ನಾಗೇಂದ್ರಪ್ಪ ಎದ್ದು ನಿಂತರು. "ಅತ್ತೆ ಜೈಲಿಗೆ ಹೋಗಿದ್ದು ಬರೀರಿ, ಬ್ಯಾಡ ಅನ್ನಲ್ಲ. ಮನೆ ಒಳಗಿನದು ಯಾಕ್ರೀ ಬೇಕಿತ್ತು?"

ಮುಂದಿನ ಸಾಲಿನಿಂದ ಎಪ್ಪತ್ತೆಂಟರ ಸಕೀನಾ ಬೀ ಎದ್ದರು. "ಬರಿ ಅಂತ ಹೇಳಿದ್ದು ನಾನೇ ಕಣಪ್ಪ. ಆಕೆ ಜೈಲಿನಾಗಿದ್ದಾಗ ಬುತ್ತಿ ಒಯ್ದೋಳು ನಾನು. ಅದು ಸಂಸಾರ ಅಲ್ದೆ ಇನ್ನೇನು?"

ನಾಗೇಂದ್ರಪ್ಪ ಚಹಾಕ್ಕೂ ನಿಲ್ಲದೆ ಹೋದರು. ಪುಸ್ತಕ ಮಾತ್ರ ಕಂಕುಳಲ್ಲಿತ್ತು.

ವಾಪಸ್ ಬರುವಾಗ ಕಾರಿನಲ್ಲಿ ಸಕೀನಾ ಬೀ ಅಂದರು: "ಒಂದು ತಪ್ಪು ಬರ್ದೀಯ ಬೇಟಿ. ಒಟ್ಟಿಗಿರಾಣ ಅಂತ ಮೊದಲು ಕೇಳಿದ್ದು ಆಕೆ ಅಲ್ಲ, ನಾನು."

ಊರನ್ನೇ ಎದುರು ಹಾಕಿಕೊಂಡ ಕಾಟಮ್ಮನೇ ಕೇಳಿರಬೇಕು ಎಂದುಕೊಂಡುಬಿಟ್ಟಿದ್ದೆ. ಒಮ್ಮೆಯೂ ವಿಚಾರಿಸಿರಲಿಲ್ಲ.

"ಏನಂತ ಕೇಳಿದ್ರಿ?"

"'ದಿನಾ ನೂಲು ಸುತ್ತಾಕೆ ಬಂದು ಹೋಗಾದ್ಯಾಕೆ, ಇಲ್ಲೇ ಇದ್ದುಬಿಡ್ಲಾ?' ಅಂದೆ. ಮಾಲೀಕರನ್ನೇ ಗದರಿಸ್ತಿದ್ದೋಳು ಗಡಗಡ ನಡುಗಿಬಿಟ್ಲು."

ಆಮೇಲೆ ಕಾಟಮ್ಮ ಏನಂದರು ಎಂದು ಕೇಳಿದೆ. ಸಕೀನಾ ಬೀ ಕಿಟಕಿಯಾಚೆ ನೋಡುತ್ತ ನಗುತ್ತಲೇ ಇದ್ದರು. ಆ ನಗುವನ್ನು ಆರು ವರ್ಷದಲ್ಲಿ ನಾನು ಕಂಡಿರಲಿಲ್ಲ.

ನಾನು ಬರೆದ ಕಾಟಮ್ಮ ಯಾವ ಪುಟದಲ್ಲೂ ನಡುಗಿಲ್ಲ.