ವೃತ್ತದೊಳಗಿನ ಮನೆ

ನಕ್ಷೆ ವಿಭಾಗ, ನಗರ ಯೋಜನಾ ಕಚೇರಿ
ತಾರೀಖು ಹನ್ನೆರಡು, ಗುರುವಾರ, ಊಟದ ಬಿಡುವು

ಪ್ರೀತಿಯ ಪುಟ್ಟಿಗೆ ಅಪ್ಪನ ಆಶೀರ್ವಾದ.

ಹೇಗಿದ್ದೀಯ ಮಗಳೇ? ಕಾಲಿನ ಬಾವು ಇಳಿಯಿತೇ? ನಿದ್ದೆ ಬರುತ್ತಿದೆಯೇ, ಎಡಮಗ್ಗುಲಿಗೇ ಮಲಗುತ್ತಿದ್ದೀಯ ತಾನೇ? ಮಗು ಸುಮ್ಮನಿರದೆ ಒದೆಯುತ್ತದೆ ಎಂದು ಹೋದ ಪತ್ರದಲ್ಲಿ ದೂರು ಬರೆದಿದ್ದೆ. ನೀನು ಹೊಟ್ಟೆಯಲ್ಲಿದ್ದಾಗ ನಿನ್ನಮ್ಮ ಕೈಯಲ್ಲಿ ಹಿಡಿದ ಲೋಟವೇ ಅಲುಗಾಡುತ್ತಿತ್ತು, ಮಾಡಿದ್ದುಣ್ಣೋ ಮಹರಾಯ ಎಂದು ಅವಳು ಆ ಪತ್ರ ಓದಿ ನಕ್ಕದ್ದೇ ನಕ್ಕದ್ದು. ನಾವಿಬ್ಬರೂ ಚೆನ್ನಾಗಿದ್ದೇವೆ. ನಿನ್ನಮ್ಮನ ಮಂಡಿ ನೋವು ಹಾಗೇ ಇದೆ, ಬಾಯಿ ಮಾತ್ರ ಆರೋಗ್ಯವಾಗಿದೆ. ಇಪ್ಪತ್ತನೇ ತಾರೀಖಿಗೆ ನೀನು ಬರುತ್ತೀಯ ಎಂದು ಮುಂದಿನ ಕೋಣೆ ಖಾಲಿ ಮಾಡಿಸಿ, ಮಂಚದ ಕಾಲು ಭದ್ರ ಮಾಡಿಸಿ, ನನ್ನ ಪುಸ್ತಕದ ಕಪಾಟನ್ನು ಹಿತ್ತಲ ಕಡೆಗೆ ಗಡೀಪಾರು ಮಾಡಿದ್ದಾಳೆ.

ಈ ಪತ್ರವನ್ನು ಮನೆಯಲ್ಲಿ ಬರೆಯದೆ ಕಚೇರಿಯಲ್ಲಿ ಬರೆಯುತ್ತಿರುವುದು ಅವಳಿಗೆ ಹೆದರಿ ಎಂದು ನಗಬೇಡ. ಹೆದರಿರುವುದು ನಿಜ, ಆದರೆ ಅವಳಿಗಲ್ಲ. "ನಿಮ್ಮಪ್ಪ ಹಗ್ಗ ಕಂಡ್ರೂ ದಾರಿ ಬಿಡೋ ಮನುಷ್ಯ" ಎಂದು ಅವಳು ನಿನ್ನೆದುರು ಎಷ್ಟು ಸಲ ಹೇಳಿಲ್ಲ? ಈ ಸಲ ನಾನು ನೋಡಿದ್ದು ಹಗ್ಗವಲ್ಲ ಪುಟ್ಟಿ. ಹೇಳಬೇಕಾದ್ದನ್ನು ಮೊದಲಿಂದ ಹೇಳುತ್ತೇನೆ, ಸಮಾಧಾನವಾಗಿ ಕೂತು ಓದು.

ಈ ಐದಾರು ವರ್ಷಗಳಲ್ಲಿ ಊರು ಹೇಗೆ ಬೆಳೆದಿದೆ ಎಂದು ನೀನೇ ನೋಡಿದ್ದೀಯ. ಖಾಸಗಿ ಆಸ್ಪತ್ರೆಯವರೆಲ್ಲ ಮಾರುಕಟ್ಟೆ ರಸ್ತೆಯಲ್ಲೇ ಒಬ್ಬರ ಗೋಡೆಗೆ ಒಬ್ಬರು ಅಂಟಿಕೊಂಡು ಕಟ್ಟುತ್ತಾ ಹೋದರು. ಹೊಸ ಬಡಾವಣೆಗಳಲ್ಲಿ ಜ್ವರಕ್ಕೆ ಮಾತ್ರೆ ಕೊಡುವವರೂ ಇರಲಿಲ್ಲ. ಅದಕ್ಕೆಂದು ನಮ್ಮ ಕಚೇರಿ ಹತ್ತು ವರ್ಷದ ಯೋಜನೆ ಮಾಡಿ ಒಂದು ನಿಯಮ ತಂದಿತು. ನೂರು ಹಾಸಿಗೆಗಿಂತ ದೊಡ್ಡ ಆಸ್ಪತ್ರೆ ಇರುವ ಕಡೆ ಅದರ ಸುತ್ತ ಮೂರು ಕಿಲೋಮೀಟರಿನ ಒಂದು ವೃತ್ತ. ವೃತ್ತದೊಳಗಿನವರಿಗೆ ಆಸ್ಪತ್ರೆ ಸಿಕ್ಕಿದೆ ಎಂದು ಲೆಕ್ಕ. ಅಲ್ಲಿ ಸಣ್ಣ ನರ್ಸಿಂಗ್ ಹೋಮುಗಳಿಗೆ ಹೊಸ ಪರವಾನಗಿಯೂ ಇಲ್ಲ, ಹಳೆಯದರ ನವೀಕರಣವೂ ಇಲ್ಲ. ಬೇಕಾದವರು ವೃತ್ತದ ಹೊರಗೆ ಹೋಗಿ ಕಟ್ಟಲಿ. ಯೋಚನೆ ಕೆಟ್ಟದ್ದೇನಲ್ಲ. ಇನ್ನೂ ಕರಡು ಎಂದು ಹೆಸರಿಗೆ, ಪರವಾನಗಿಗಳನ್ನು ಈಗಿನಿಂದಲೇ ಅದರಂತೆ ನೋಡುತ್ತಿದ್ದಾರೆ. ಆ ವೃತ್ತಗಳನ್ನು ಬರೆದವನು ನಾನು. ಹನ್ನೊಂದು ವೃತ್ತ, ಎಲ್ಲೂ ಮಸಿ ಹರಡಿಲ್ಲ. ಮೇಲಧಿಕಾರಿ ಬೆನ್ನು ತಟ್ಟಿದಾಗ ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಬಂದೆ.

ನಕ್ಷೆ ಒಂದೇ ಹಾಳೆಯಲ್ಲಿ ಆಗುವ ಕೆಲಸವಲ್ಲ. ರಸ್ತೆಗಳು ಒಂದು ಪಾರದರ್ಶಕ ಹಾಳೆಯಲ್ಲಿ, ಮನೆಗಳು ಇನ್ನೊಂದರಲ್ಲಿ, ರೈಲು ಹಳಿ ಮತ್ತೊಂದರಲ್ಲಿ ಇರುತ್ತವೆ. ಒಂದರ ಮೇಲೊಂದು ಹಾಸಿ ಅಡಿಯಿಂದ ದೀಪ ಹಾಕಿ ನೋಡಬೇಕು. ನೀನು ಚಿಕ್ಕವಳಿದ್ದಾಗ ಆ ದೀಪದ ಮೇಜಿನ ಮೇಲೆ ಅಂಗೈ ಇಟ್ಟು ಬೆರಳು ಕೆಂಪಗೆ ಕಾಣುತ್ತದೆಂದು ಕುಣಿಯುತ್ತಿದ್ದೆಯಲ್ಲ, ಅದೇ ಮೇಜು. ಆ ವಾರ ಹಳಿಯ ಹಾಳೆ ಬೇರೆ ವಿಭಾಗದವರ ಬಳಿ ಇತ್ತು. ಕೇಳಿದೆ, ನಾಳೆ ಎಂದರು. ಮೇಲಧಿಕಾರಿಗೆ ಅವಸರ. ಹಳಿಯ ಹಾಳೆ ಇಲ್ಲದೆಯೇ ಕೈವಾರದ ಮೊನೆ ಊರಿ ವೃತ್ತ ಎಳೆದೆ. ಹೊಸ ದೊಡ್ಡ ಆಸ್ಪತ್ರೆ ಹಳಿಯ ಆಚೆ, ನಮ್ಮ ಬಡಾವಣೆ ಈಚೆ. ಹಾಳೆಯ ಮೇಲೆ ನೇರ ಅಳೆದರೆ ನಮ್ಮ ಮನೆಗೆ ಎರಡೂಕಾಲು ಕಿಲೋಮೀಟರು. ರೈಲ್ವೆ ಗೇಟು ಹಾಕಿದ್ದರೆ ಸೇತುವೆ ಸುತ್ತಿಕೊಂಡು ಹೋಗಬೇಕು, ಅದು ಹದಿನಾಲ್ಕು. ದಿನಾ ಎರಡು ಸಲ ಹಳಿ ದಾಟುವವನಿಗೆ ಅದು ನೆನಪಾಗಲಿಲ್ಲವೇ ಎಂದು ನೀನು ಕೇಳುತ್ತೀಯ, ನಾನೂ ಕೇಳಿಕೊಂಡಿದ್ದೇನೆ. ನಿನ್ನಪ್ಪನ ಸ್ವಭಾವ ನಿನಗೆ ಗೊತ್ತಲ್ಲ, ರೈಲಿನ ವೇಳೆಯೆಲ್ಲ ಬಾಯಿಪಾಠ. ಬೆಳಗಿನ ಗಾಡಿ ಹೋದ ಮೇಲೆಯೇ ಸೈಕಲ್ ಹತ್ತುತ್ತೇನೆ, ಸಂಜೆಯ ಗಾಡಿಗೆ ಮುಂಚೆ ದಾಟಿಬಿಡುತ್ತೇನೆ. ಇಪ್ಪತ್ತೆರಡು ವರ್ಷದಲ್ಲಿ ಆ ಗೇಟಿನ ಮುಂದೆ ನಾನು ನಿಂತದ್ದು ನಾಲ್ಕೈದು ಸಲ ಇರಬಹುದು. ನನ್ನ ಪಾಲಿಗೆ ಅಲ್ಲಿ ಗೇಟೇ ಇರಲಿಲ್ಲ.

ಮುಂದಿನದನ್ನು ಎಂಟು ತಿಂಗಳ ಬಸುರಿಗೆ ಬರೆಯಬಾರದು ಎಂದು ಗೊತ್ತು. ಆದರೆ ಬರೆಯದಿದ್ದರೆ ನೀನು ಹೊರಟು ಬರುತ್ತೀಯ. ಹೋದ ತಿಂಗಳ ಕೊನೆಯ ಶನಿವಾರ ನಿನ್ನಮ್ಮ ಮಗುವಿಗೆ ಮೆತ್ತನೆ ಬಟ್ಟೆ ತನ್ನಿ ಎಂದಿದ್ದಳು. ಅಂಗಡಿಯಲ್ಲಿ ತಡವಾಗಿ ಸಂಜೆಯ ಹೊತ್ತಿಗೆ ನಾನು ಆಸ್ಪತ್ರೆ ಕಡೆಯ ಗೇಟಿನಲ್ಲಿ ಸಿಕ್ಕಿಕೊಂಡೆ. ಒಂದು ಗೂಡ್ಸ್ ಗಾಡಿ ಬಂದು ಸಿಗ್ನಲ್ಲಿಗೆಂದು ಅಡ್ಡಲಾಗಿ ನಿಂತೇಬಿಟ್ಟಿತು. ನಮ್ಮ ಬಡಾವಣೆಯ ಕಡೆಯಿಂದ ಒಂದು ವ್ಯಾನು ಬಿಡದೆ ಹಾರನ್ ಹೊಡೆಯುತ್ತಿತ್ತು. ಗಾಡಿಯ ಗಾಲಿಗಳ ಸಂದಿಯಲ್ಲಿ ನನಗೆ ಕಾಲುಗಳು ಮಾತ್ರ ಕಾಣುತ್ತಿದ್ದವು. ಅತ್ತ ಓಡುವ ಕಾಲು, ಇತ್ತ ಓಡುವ ಕಾಲು, ಒಂದು ಚಪ್ಪಲಿ ಬಿದ್ದಿತ್ತು. ಹೆಂಗಸೊಬ್ಬಳು ಕೂಗುತ್ತಿದ್ದದ್ದು ಕೇಳುತ್ತಿತ್ತು. ನನ್ನ ಪಕ್ಕದವರು ಗೇಟಿನವನನ್ನು ಬೈಯುತ್ತಿದ್ದರು. ಅವನೇನು ಮಾಡಿಯಾನು, ಗಾಡಿಯನ್ನು ಹೆಗಲ ಮೇಲೆ ಎತ್ತಿಕೊಳ್ಳುತ್ತಾನೆಯೇ? ಮೂವತ್ತೊಂದು ನಿಮಿಷ ನಾನು ಗಡಿಯಾರ ನೋಡಿಕೊಂಡು ನಿಂತೆ. ಗಾಡಿ ಸರಿದಾಗ ವ್ಯಾನು ನನ್ನ ಪಕ್ಕದಲ್ಲೇ ಹೋಯಿತು. ಒಳಗಿದ್ದವಳು ಹಿಂದಿನ ಬೀದಿಯ ದರ್ಜಿಯ ಮಗಳು, ನಿನ್ನ ಜೊತೆ ನಮ್ಮ ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದವಳು. ಮಗು ಅಡ್ಡ ತಿರುಗಿತ್ತಂತೆ. ಅವಳು ಉಳಿದಳು. ಮಗು ಉಳಿಯಲಿಲ್ಲ.

ಅವಳು ನಮ್ಮ ಬೀದಿಯ ಡಾಕ್ಟರಮ್ಮನ ನರ್ಸಿಂಗ್ ಹೋಮಿಗೇ ಮೊದಲು ಹೋಗಿದ್ದಳು. ನೀನು ಹುಟ್ಟಿದ, ನಿನ್ನ ಹೆರಿಗೆಗೂ ಗೊತ್ತುಮಾಡಿದ ಅದೇ ಹನ್ನೆರಡು ಹಾಸಿಗೆಯ ಮನೆ. ನಡೆದರೆ ಐದು ನಿಮಿಷ. ಆದರೆ ಪರವಾನಗಿ ನವೀಕರಣವಾಗದೆ ಅವರ ಆಪರೇಷನ್ ಕೋಣೆಗೆ ಬೀಗ ಬಿದ್ದು ಎರಡು ವಾರವಾಗಿತ್ತು. ಈ ತಿಂಗಳ ಕೊನೆಗೆ ಇಡೀ ನರ್ಸಿಂಗ್ ಹೋಮೇ ಮುಚ್ಚಬೇಕು. ಬೀಗ ಬೀಳುವ ಮುಂಚೆ ಡಾಕ್ಟರಮ್ಮ ಕಾಗದ ಹಿಡಿದುಕೊಂಡು ನಮ್ಮ ವಿಭಾಗಕ್ಕೇ ಬಂದಿದ್ದರು. ಗೋಡೆಯ ನಕ್ಷೆಯ ಮೇಲೆ ಬೆರಳಿಟ್ಟು, "ಈ ಗೆರೆ ಎಳೆದವರು ಒಂದ್ಸಲ ನನ್ನ ಬಾಗಿಲಿಗೆ ಬಂದು ನೋಡಿದ್ರೆ ಸಾಕಿತ್ತು" ಎಂದರು. ನಾನು ತಲೆ ತಗ್ಗಿಸಿ, ಅದೆಲ್ಲ ಮೇಲಿನವರ ತೀರ್ಮಾನ, ನಮಗೇನು ಗೊತ್ತಾಗುತ್ತೆ ಡಾಕ್ಟರಮ್ಮ, ಎಂದೆ. ಪಾಪ, ಅವರು ನನ್ನ ಮಾತು ನಂಬಿ, ನಿನ್ನ ಆರೋಗ್ಯ ವಿಚಾರಿಸಿಕೊಂಡು ಹೋದರು.

ಆ ಶನಿವಾರದ ಮೇಲೆ ಹಳಿಯ ಹಾಳೆ ತರಿಸಿ ನನ್ನ ವೃತ್ತದ ಮೇಲೆ ಹಾಸಿ ನೋಡಿದೆ. ಹಳಿ ವೃತ್ತದ ನಟ್ಟನಡುವೆ ಹಾದು ಹೋಗಿದೆ. ಮೇಲಧಿಕಾರಿಗೆ ತೋರಿಸಿದೆ. ಅವರು ಕೆಟ್ಟವರಲ್ಲ, ಬಾಗಿಲು ಹಾಕಿ, "ನಿಮಗ್ಯಾಕ್ರೀ ಇಲ್ಲದ ಉಸಾಬರಿ? ರಿಟೈರ್ ಆಗೋಕೆ ನಾಲ್ಕು ತಿಂಗಳಿದೆ. ತಪ್ಪಾಗಿದೆ ಅಂತ ನೀವೇ ಬರ್ಕೊಟ್ರೆ ಮೊದಲು ಹಿಡಿಯೋದು ನಿಮ್ಮನ್ನೇ" ಎಂದರು. ಸಾರ್ವಜನಿಕರು ತಕರಾರು ಕೊಡಲು ನಾಳೆ ಸಂಜೆ ಐದಕ್ಕೆ ಕೊನೆ. ಇದುವರೆಗೆ ಒಂದೂ ಬಂದಿಲ್ಲ. ನಕ್ಷೆ ತೂಗುಹಾಕಿರುವುದು ನಮ್ಮ ಎರಡನೇ ಮಹಡಿಯ ಮೊಗಸಾಲೆಯಲ್ಲಿ, ಯಾರು ಹತ್ತಿ ಬಂದು ನೋಡಬೇಕು? ನಾಳೆ ಕಳೆದರೆ ಆ ವೃತ್ತ ಹತ್ತು ವರ್ಷ ಅಲ್ಲೇ ಇರುತ್ತದೆ. ನನಗೆ ಭಯ ಪುಟ್ಟಿ. ವಿಚಾರಣೆ ಎಂದರೆ ಭಯ, ಈ ವಯಸ್ಸಿನಲ್ಲಿ ನಾಲ್ಕು ಜನರ ಮುಂದೆ ನಿಂತು ಉತ್ತರ ಹೇಳಬೇಕಲ್ಲ ಎಂದು ಭಯ. ಎಲ್ಲಕ್ಕಿಂತ ದರ್ಜಿಯ ಭಯ. ಮೊನ್ನೆ ದಾರಿಯಲ್ಲಿ ಸಿಕ್ಕಿ, ನನ್ನ ಅಂಗಿ ಹೊಲಿದಾಗಿದೆ, ಈ ಗಲಾಟೆಯಲ್ಲಿ ತಡವಾಯಿತು ಎಂದು ಕ್ಷಮೆ ಕೇಳಿದ. ನಾನು ಆ ಬೀದಿಗೇ ಹೋಗುವುದನ್ನು ಬಿಟ್ಟಿದ್ದೇನೆ.

ಆದ್ದರಿಂದ ಮಗಳೇ, ನೀನು ಇಲ್ಲಿಗೆ ಬರಬೇಡ. ಅಲ್ಲೇ ಹೆರಿಗೆಯಾಗಲಿ. ನಿನ್ನ ಮನೆಯಿಂದ ಆಸ್ಪತ್ರೆಗೆ ನಡೆದೇ ಹೋಗಬಹುದು, ನಡುವೆ ಹಳಿಯಿಲ್ಲ ಎಂದು ಅಳಿಯಂದಿರು ಬರೆದದ್ದನ್ನು ನಾನು ಮೂರು ಸಲ ಓದಿದ್ದೇನೆ. ಅಮ್ಮನಿಗೆ ಮಾತ್ರ, ಅತ್ತೆ ಕಳಿಸಲು ಒಪ್ಪುತ್ತಿಲ್ಲ ಎಂದು ಬರೆ. ದರ್ಜಿಯ ಮನೆಯದು ವಿಧಿ, ನಮಗೆ ದೊಡ್ಡ ಆಸ್ಪತ್ರೆ ಇದೆಯಲ್ಲ ಎನ್ನುತ್ತಾಳೆ ಅವಳು, ನಿಜ ಹೇಳುವ ಧೈರ್ಯ ನನಗಿಲ್ಲ. ಪಾಪದ ಹೆಂಗಸಿನ ಮೇಲೆ ಗೂಬೆ ಕೂರಿಸಿದ ಹಾಗಾಗುತ್ತದೆ, ಆದರೂ ಬೀಗಿತ್ತಿಯರ ಜಗಳ ನಾಲ್ಕು ದಿನಕ್ಕೆ ಮುಗಿಯುತ್ತದೆ. ಅವಳು ಅಳುತ್ತಾಳೆ, ಅಳಲಿ. ಮಂಡಿ ನೋವೆಂದರೂ ಬಿಡದೆ ರೈಲು ಹತ್ತಿಸಿ ನಾನೇ ಅವಳನ್ನು ನಿನ್ನಲ್ಲಿಗೆ ಕಳಿಸುತ್ತೇನೆ.

ಅಳಿಯಂದಿರಿಗೂ ಅತ್ತೆಯವರಿಗೂ ನನ್ನ ನಮಸ್ಕಾರ ತಿಳಿಸು. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿದುಕೋ. ನಿನಗೂ ನಿನ್ನೊಳಗಿರುವ ಆ ಪುಂಡನಿಗೂ, ಪುಂಡಿಯಾದರೆ ಅವಳಿಗೂ, ನೂರು ವರ್ಷ ಆಯಸ್ಸಿರಲಿ.

ನಿನ್ನ ಪುಕ್ಕಲು
ಅಪ್ಪ

ವಿ.ಸೂ.: ಶುಕ್ರವಾರ ಸಂಜೆ, ಅವಸರದಲ್ಲಿ. ನಿನ್ನೆ ಪತ್ರವನ್ನು ಡಬ್ಬಿಗೆ ಹಾಕಲಿಲ್ಲ. ಬೆಳಿಗ್ಗೆ ಮತ್ತೆ ಓದಿದೆ. ನಿನ್ನೊಬ್ಬಳನ್ನು ವೃತ್ತದಿಂದ ಆಚೆ ಕಳಿಸಿ ಮಿಕ್ಕವರನ್ನೆಲ್ಲ ಒಳಗೇ ಬಿಟ್ಟಿದ್ದೇನೆ. ಮೂಲೆಮನೆಯ ಸೊಸೆಗೆ ಏಳು ತಿಂಗಳು, ಬರಬೇಡ ಎಂದು ಅವಳಿಗೆ ಹೇಗೆ ಬರೆಯಲಿ, ಅವಳು ಇರುವುದೇ ಇಲ್ಲಿ. ನಾಲ್ಕೂವರೆಗೆ ನನ್ನ ಹೆಸರು, ಸಹಿ ಹಾಕಿ ತಕರಾರು ಕೊಟ್ಟೆ. ತಪ್ಪು ನಿಮಗೆ ಹೇಗೆ ತಿಳಿಯಿತು ಎಂಬ ಕಡೆ, ನಕ್ಷೆ ಬರೆದವನು ನಾನೇ ಎಂದು ಬರೆದೆ. ಗುಮಾಸ್ತ ಎರಡು ಸಲ ಓದಿ, "ಸಾರ್, ಇದನ್ನ ವಾಪಸ್ ತಗೊಂಡ್ಬಿಡಿ" ಎಂದ. ತೆಗೆದುಕೊಳ್ಳಲಿಲ್ಲ. ಅತ್ತೆಯ ಮೇಲೆ ಹಾಕುವ ಸುಳ್ಳು ಬೇಡ, ಅಮ್ಮನಿಗೆ ನಾನೇ ಹೇಳುತ್ತೇನೆ. ಅದಕ್ಕೂ ಮುಂಚೆ ದರ್ಜಿಗೆ ಹೇಳಬೇಕು, ಈಗ ಅವನ ಅಂಗಡಿಗೇ ಹೊರಟಿದ್ದೇನೆ. ಅರ್ಜಿ ಕೊಟ್ಟಿರಲ್ಲ, ಇನ್ನು ಬರಬಹುದಲ್ಲವೇ ಎಂದು ಕೇಳಬೇಡ. ವಿಚಾರಣೆ ಮುಗಿದು, ನಕ್ಷೆ ತಿದ್ದಿ, ಡಾಕ್ಟರಮ್ಮನ ಬೀಗ ತೆಗೆಯುವ ಹೊತ್ತಿಗೆ ಆರು ತಿಂಗಳಾದರೂ ಬೇಕು. ನಿನ್ನ ಮಗುವಿಗೆ ಅಷ್ಟು ಪುರುಸೊತ್ತಿಲ್ಲ. ಬರಬೇಡ.