ಅಕ್ಕನ ಮಂಡಿಯೂ ನಿಮ್ಮ ಎರಡು ಖಾನೆಗಳೂ

ಮಾನ್ಯ ಕೌಂಟಿ ವೃದ್ಧರ ಸೇವಾ ಕಚೇರಿಯ ಅಧಿಕಾರಿಗಳೇ,

ನನ್ನ ಅಕ್ಕ ಆರ್ಜೆಲಾಳಿಗೆ ಬುದ್ಧಿ ಮಂಕಾಗಿದೆ, ಮೈ ಮಾತ್ರ ಗಟ್ಟಿಮುಟ್ಟಾಗಿದೆ ಎಂಬ ನಿಮ್ಮ ಪತ್ರ ತಲುಪಿತು. ಆದಕಾರಣ ಅವಳಿಗೆ ಸ್ನಾನ ಮಾಡಿಸಲು ಬರುವ ಸಹಾಯಕಿಯನ್ನು ಮುಂದಿನ ತಿಂಗಳಿಂದ ನಿಲ್ಲಿಸಿ, ಅವಳನ್ನು ಮರೆವಿನವರ ಬೀಗ ಹಾಕಿದ ವಾರ್ಡಿಗೆ ಕಳಿಸುತ್ತೀರಂತೆ. ಎಂಬತ್ತಾರು ವರ್ಷದ ಬದುಕನ್ನು ನಲವತ್ತು ನಿಮಿಷದಲ್ಲಿ ತಲೆಕೆಳಗಾಗಿ ಓದಿದ್ದಕ್ಕೆ ಅಭಿನಂದನೆಗಳು.

ನೀವು ಕಳಿಸಿದ ಬಿಳಿ ಹುಡುಗಿ ನನ್ನೆದುರೇ ಪರೀಕ್ಷೆ ನಡೆಸಿದಳು. ಮೊಮ್ಮಗಳ ವಯಸ್ಸಿನವಳು ಅಕ್ಕನನ್ನು ಬರೀ ಹೆಸರು ಹಿಡಿದು ಕರೆದಳು. ನೂರರಿಂದ ಏಳೇಳು ಕಳೆಯುತ್ತಾ ಹೋಗು ಎಂದಳು, ಘನಾಕೃತಿಯ ಚಿತ್ರ ಬರೆ ಎಂದಳು. ಅಕ್ಕ ತಡವರಿಸಿದಳು. ತಡವರಿಸದೇ ಏನು? ನಮ್ಮ ಮಿಸಿಸಿಪ್ಪಿಯಲ್ಲಿ ಆಗ ಬಿಳಿಯರ ಶಾಲೆ ಒಂಬತ್ತು ತಿಂಗಳು, ನಮ್ಮ ಕಪ್ಪು ಮಕ್ಕಳ ಶಾಲೆ ಐದೇ ತಿಂಗಳು. ಹತ್ತಿ ಬಿಡಿಸುವ ಕಾಲಕ್ಕೆ ಬಾಗಿಲು ಹಾಕಿ ನಮ್ಮನ್ನು ಹೊಲಕ್ಕೆ ಅಟ್ಟುತ್ತಿದ್ದರು. ಆ ಹೊಲ ಅವಳ ಲೆಕ್ಕವನ್ನೂ ತಿಂದಿತು, ಮಂಡಿಯನ್ನೂ ತಿಂದಿತು. ಎಲ್ಲರಿಗೂ ಒಂದೇ ಅಳತೆಗೋಲು ಎಂದು ನೀವು ಹೆಮ್ಮೆಪಡುತ್ತೀರಲ್ಲ, ಆ ಕೋಲನ್ನು ಯಾರ ಶಾಲೆಯಲ್ಲಿ ಕೊರೆದರು ಸ್ವಾಮಿ?

ಇನ್ನು ಮೈಯ ಪರೀಕ್ಷೆ.

"ಮೆಟ್ಟಿಲು ಹತ್ತೋಕಾಗುತ್ತಾ ಆರ್ಜೆಲಾ?"

"ದೇವರ ದಯೆ, ಚೆನ್ನಾಗಿ ಹತ್ತುತೀನಿ ತಾಯಿ."

ಸ್ನಾನ, ನಡಿಗೆ, ಮಂಚದಿಂದ ಏಳುವುದು, ಎಲ್ಲಕ್ಕೂ ಇದೇ ಉತ್ತರ. ಹುಡುಗಿ ಸಂತೋಷದಿಂದ ಗುರುತು ಹಾಕಿಕೊಂಡಳು. ಎದ್ದು ತೋರಿಸು ಎನ್ನಲಿಲ್ಲ. ಅವಳು ಹೋದಮೇಲೆ ನಾನು ಅಕ್ಕನ ಮೇಲೆ ರೇಗಿದೆ.

"ನಿನ್ನೆ ಮೆಟ್ಟಿಲನ್ನ ಕೂತ್ಕೊಂಡೇ ಇಳಿದ್ಯಲ್ಲಕ್ಕಾ?"

"ನೋವಿದೆ ಅಂತ ಬಾಯಿಬಿಟ್ಟು ಅಂದ್ರೆ ಅದು ನಮ್ಮದೇ ಆಗಿಬಿಡುತ್ತೆ ಕಣೇ. ನಾನ್ಯಾಕೆ ಅದನ್ನ ನನ್ನದು ಅಂತ ಒಪ್ಕೊಳ್ಲಿ?"

ನಮ್ಮ ಚರ್ಚಿನ ಮುದುಕಿಯರೆಲ್ಲ ಹೀಗೆಯೇ. ಕಾಯಿಲೆಯನ್ನು ಬಾಯಿಂದ ಒಪ್ಪಿಕೊಂಡರೆ ವಿಶ್ವಾಸ ಕೆಟ್ಟಿತೆಂದು ಅವರ ನಂಬಿಕೆ. ಅಕ್ಕ ಮೂವತ್ತು ವರ್ಷ ಅಡುಗೆ ಮಾಡಿದ ಮನೆಯ ಬಿಳಿ ಯಜಮಾನಿಗೂ ಇವಳದೇ ವಯಸ್ಸು. ಆಕೆ ಕಾಲೇಜು ಓದಿದವಳು, ನಿಮ್ಮ ಇದೇ ಪರೀಕ್ಷೆಯಲ್ಲಿ ಕಿರುಬೆರಳಿನ ನೋವನ್ನೂ ಬಿಡದೆ ಬರೆಸಿದಳು. ಆಕೆಗೆ ಬುದ್ಧಿಯೂ ಚುರುಕು, ಸಹಾಯಕಿಯೂ ಖಾಯಂ. ನನಗೆ ಆಕೆಯ ಮೇಲೆ ಹೊಟ್ಟೆಕಿಚ್ಚಿಲ್ಲ, ನಿಮ್ಮ ಮೇಲೆ ಕೋಪವಿದೆ.

ನಮ್ಮ ಚರ್ಚಿನಲ್ಲಿ ಪುಸ್ತಕ ನೋಡಿ ಹಾಡುವುದಿಲ್ಲ. ಒಬ್ಬರು ಸಾಲು ಎತ್ತಿಕೊಡಬೇಕು, ಉಳಿದವರು ಅದನ್ನು ಹಾಡಬೇಕು. ಐವತ್ತು ವರ್ಷಗಳಿಂದ ಎತ್ತಿಕೊಡುತ್ತಿರುವವಳು ನಿಮ್ಮ ಈ ಮರೆಗುಳಿ. ಕಳೆದ ಭಾನುವಾರವೂ ಎಂಟು ಹಾಡು, ಒಂದು ಪದ ತಪ್ಪಲಿಲ್ಲ. ಈಗ ಕುರ್ಚಿಯಲ್ಲಿ ಕೂತು ಹೇಳುತ್ತಾಳೆ, ಆ ಕುರ್ಚಿಯವರೆಗೆ ಇಬ್ಬರು ಹಿಡಿದುಕೊಂಡು ಹೋಗುತ್ತೇವೆ. ಬೀಗದೊಳಗೆ ಅವಳು ಯಾರಿಗೆ ಸಾಲು ಎತ್ತಿಕೊಡಬೇಕು?

ನನ್ನ ಬೇಡಿಕೆ ಚಿಕ್ಕದು. ಹೊಸ ಪರೀಕ್ಷೆ, ಹೊಸ ಸಮಿತಿ ಏನೂ ಬೇಡ. ನಿಮ್ಮ ಹಾಳೆಯಲ್ಲಿ ಬುದ್ಧಿಗೊಂದು, ಮೈಗೊಂದು ಖಾನೆ ಇದೆಯಲ್ಲ, ಆ ಎರಡು ಖಾನೆಗಳನ್ನು ಅದಲುಬದಲು ಮಾಡಿ ರುಜು ಹಾಕಿ. ಅಕ್ಕನ ಮಂಡಿ ಸವೆದುಹೋಗಿದೆ, ಅವಳಿಗೆ ಒಬ್ಬಳೇ ಏಳಲಾಗುವುದಿಲ್ಲ. ಅವಳು ಸತ್ತರೂ ಹೇಳುವುದಿಲ್ಲ, ಅದಕ್ಕೇ ನಾನು ಹೇಳಿದ್ದೇನೆ.

ಇಂತಿ,
ಅಕ್ಕನ ನೋವನ್ನು ತನ್ನ ಬಾಯಿಂದ ಒಪ್ಪಿಕೊಂಡು, ಭಾನುವಾರ ಅವಳ ಮುಖ ನೋಡಲು ಹೆದರುತ್ತಿರುವ ತಂಗಿ,
ವರ್ನೆಲ್ ಸ್ಟೋಕ್ಸ್