ಹಂಬಲ ಬಿಟ್ಟ ಕೂಸು

ಶೃಂಗೇರಿ
12-4-2004, ಸೋಮವಾರ ಬೆಳಗ್ಗೆ

ಪ್ರೀತಿಯ ಮಹೇಶ್ವರಾ,

ಈ ಕಾಗದದ ಮಡಿಕೆಯೊಳಗೆ ಅಮ್ಮನವರ ಕುಂಕುಮ ಇಟ್ಟಿದ್ದೇನೆ, ಚೆಲ್ಲದಂತೆ ಬಿಚ್ಚು. ನಿನ್ನ ಆರೋಗ್ಯ ಹೇಗಿದೆ? ಎದೆಯುರಿ ಕಡಿಮೆಯಾಯಿತೇ? ರಾಯಚೂರಿನ ಕಡೆ ಈಗಲೇ ತಲೆಯೆತ್ತಲಾಗದ ಬಿಸಿಲು ಎಂದು ನಿನ್ನ ಅಪ್ಪಯ್ಯ ಪೇಪರು ಓದಿ ಹೇಳಿದರು. ನೀನೋ ಕರೆಂಟು ತಯಾರಿಸುವ ಕಡೆಯೇ ಕೆಲಸಕ್ಕಿದ್ದೀಯ, ಒಳಗೂ ಬಿಸಿ, ಹೊರಗೂ ಬಿಸಿ. ಕ್ಯಾಂಟೀನಿನ ಊಟ ಒಂದು ಹೊತ್ತಾದರೂ ಬಿಟ್ಟು ಕ್ವಾರ್ಟರ್ಸಿನಲ್ಲಿ ಗಂಜಿ ಮಾಡಿಕೊ. ಮಜ್ಜಿಗೆಗೆ ಜೀರಿಗೆ ಪುಡಿ ಹಾಕಿ ಕುಡಿ. ಹೆಂಡತಿ ಊರಿಗೆ ಹೋದ ಗಂಡಸರು ಉಪ್ಪಿನಕಾಯಿ ಬಾಟಲಿಯಲ್ಲೇ ತಿಂಗಳು ಕಳೆಯುತ್ತಾರೆ ಎನ್ನುವುದು ನನಗೆ ಗೊತ್ತಿಲ್ಲದ್ದಲ್ಲ.

ಇಲ್ಲಿ ನಾವು ಕ್ಷೇಮ. ರಜೆ ಶುರುವಾದ್ದರಿಂದ ಯಾತ್ರಿಕರ ವಸತಿಯಲ್ಲಿ ಅಪ್ಪಯ್ಯನಿಗೆ ಉಸಿರಾಡಲು ಪುರುಸೊತ್ತಿಲ್ಲ. ರೂಮಿನ ಬೀಗದ ಕೈ ಕೊಟ್ಟು ಕೊಟ್ಟು ಕನಸಿನಲ್ಲೂ ನಂಬರು ಹೇಳುತ್ತಾರೆ. ನಿನ್ನ ಮಗಳು ಮಹಿಮಾ ಚೆನ್ನಾಗಿದ್ದಾಳೆ. ಊಟ ಸರಿಯಾಗಿ ಮಾಡುತ್ತಾಳೆ, ನಿದ್ದೆ ಮಾಡುತ್ತಾಳೆ, ಹಠ ಇಲ್ಲ. ಹಠ ಇಲ್ಲ ಎಂದು ಬರೆಯುವಾಗ ಕೈ ಸ್ವಲ್ಪ ನಿಂತಿತು. ಅದನ್ನೇ ಹೇಳಲು ಈ ಕಾಗದ. ಸಿರಾಜುದ್ದೀನನ ಎಸ್.ಟಿ.ಡಿ. ಬೂತಿನಲ್ಲಿ, ಹಿಂದೆ ನಾಲ್ಕು ಜನ ತಮ್ಮ ಸರದಿ ಕಾಯುತ್ತಿರುವಾಗ, ಇಂಥದ್ದನ್ನು ಹೇಳಲಾಗುವುದಿಲ್ಲ.

ಶಿವರಾತ್ರಿ ಕಳೆದು ಹತ್ತು ದಿನಕ್ಕೆ ನೀನೇ ಅವಳನ್ನು ಕೊಪ್ಪದಿಂದ ತಂದು ಬಿಟ್ಟು ಹೋದೆ. ಬಸುರಿ ಭಾರತಿಗೆ ಐದು ತಿಂಗಳು ತುಂಬುವ ಹೊತ್ತಿಗೆ ರಕ್ತ ಕಂಡದ್ದು, ಕೊಪ್ಪದ ತವರಿನಲ್ಲಿ ಹಾಸಿಗೆ ಬಿಟ್ಟು ಏಳಬಾರದು, ಮಗುವನ್ನು ಎತ್ತಲೇಬಾರದು ಎಂದು ಡಾಕ್ಟರು ಹೇಳಿದ್ದು, ಬೀಗಿತ್ತಿಗೆ ಮಂಡಿನೋವು ಇರುವುದು, ಎಲ್ಲ ನಿಜವೇ. ನಾನು ಬೇಡ ಎನ್ನಲಿಲ್ಲ. ಎರಡು ದಿನಕ್ಕೊಮ್ಮೆ ಕರೆದುಕೊಂಡು ಹೋಗಿ ತಾಯಿಯ ಮುಖ ತೋರಿಸಿ ಬರುತ್ತೇನೆ, ಬಸ್ಸಿನಲ್ಲಿ ಒಂದು ಗಂಟೆಯ ದಾರಿ ಅಷ್ಟೇ ಎಂದೆ. ನೀನು ಚಪ್ಪಲಿ ಮೆಟ್ಟುತ್ತಾ ಹೇಳಿದೆ, “ಬೇಡ ಅಕ್ಕ. ಒಂದ್ಸಲ ಮುಖ ತೋರ್ಸಿದ್ರೆ ಮತ್ತೆ ಮೊದಲಿಂದ ಶುರು. ಬಾಣಂತನ ಮುಗಿಯೋವರೆಗೂ ಹಂಬಲ ಬಿಡ್ಲಿ. ನಾನು ನೆಮ್ಮಾರಲ್ಲಿ ಬೆಳೀಲಿಲ್ವಾ? ನಂಗೆಂತ ಆಗಿದೆ?” ಹೆತ್ತ ಮಗ ತಾಯಿಯನ್ನು ಅಕ್ಕ ಎಂದು ಕರೆಯುತ್ತಾ ನನಗೆ ಎಂತ ಆಗಿದೆ ಎಂದು ಕೇಳಿದರೆ ಏನು ಹೇಳುವುದು?

ಮೊದಲ ಮೂರು ವಾರ ಅವಳು ಬಹಳ ಅತ್ತಳು. ನಿನಗೆ ಹೇಳಿರಲಿಲ್ಲ. ಗೇಟಿನ ಹತ್ತಿರ ನಿಂತು, ಯಾವ ಬಸ್ಸು ಹಾರ್ನ್ ಮಾಡಿದರೂ “ಅಮ್ಮ ಬಸ್ಸು, ಅಮ್ಮ ಬಸ್ಸು” ಎನ್ನುವಳು. ಭಾರತಿ ತಾನು ಉಟ್ಟು ಬಿಟ್ಟ ಹಳೆಯ ಹತ್ತಿ ಸೀರೆಯೊಂದನ್ನು ಚೀಲದಲ್ಲಿ ಇಟ್ಟು ಕಳಿಸಿದ್ದಳಲ್ಲ, ಅದನ್ನು ಮೂಗಿಗೆ ಒತ್ತಿಕೊಂಡೇ ಮಲಗುತ್ತಿದ್ದಳು. “ತೊಳೀಬೇಡಿ ಅತ್ತೆ” ಎಂದು ಭಾರತಿ ಫೋನಿನಲ್ಲಿ ಎರಡು ಸಲ ಹೇಳಿದ್ದಳು. ನಾನೂ ಹೂಂ ಎಂದಿದ್ದೆ. ಆದರೆ ಮಡಿಯಲ್ಲಿ ಅಡಿಗೆ ಮಾಡುವವಳಿಗೆ ಆ ಸೀರೆಯೊಂದು ಕಷ್ಟವಾಯಿತು. ಅದನ್ನು ಎಳೆದುಕೊಂಡು ದೇವರ ಕೋಣೆಗೆ ಬರುವಳು, ಒಲೆಯ ಹತ್ತಿರ ಬಂದು ನನ್ನನ್ನು ಮುಟ್ಟುವಳು, ನಾನು ಮತ್ತೆ ಸ್ನಾನಕ್ಕೆ ಹೋಗುವುದು. ಒಂದೇ ದಿನ ಮೂರು ಸಲ ಹೀಗಾದದ್ದುಂಟು. ಯುಗಾದಿಯ ಹಿಂದಿನ ದಿನ ಮನೆಯ ಹಾಸಿಗೆ ಹೊದಿಕೆ ಎಲ್ಲವನ್ನೂ ನೆನೆಹಾಕಿದೆ. ಇದನ್ನೂ ಹಾಕಿದೆ. ಮರೆತು ಹಾಕಿದೆ ಎಂದು ಅಪ್ಪಯ್ಯನಿಗೆ ಹೇಳಿದ್ದೇನೆ. ಮರೆತಿರಲಿಲ್ಲ. ಹಬ್ಬದ ಮನೆಯಲ್ಲಿ ಮೈಲಿಗೆ ಬಟ್ಟೆ ಬೇಡ ಎಂದು ತಿಳಿದೇ ಹಾಕಿದೆ. ಕೂಸಿಗೆ ಎಂತ ತಿಳಿಯುತ್ತದೆ, ಸೀರೆ ಅದೇ ಅಲ್ಲವೇ ಎಂದುಕೊಂಡೆ.

ಸಂಜೆ ಒಣಗಿದ ಸೀರೆಯನ್ನು ಮಡಚಿ ಅವಳ ಕೈಗೆ ಕೊಟ್ಟೆ. ಮೂಗಿಗೆ ಹಿಡಿದಳು. ಬಿಚ್ಚಿ ಇನ್ನೊಂದು ಮೂಲೆ ಹಿಡಿದಳು. ಸೆರಗಿನ ಕಡೆ ನೋಡಿದಳು. ಆರು ಗಜ ಸೀರೆಯನ್ನು ನಡುಮನೆಯ ತುಂಬ ಹರಡಿಕೊಂಡು, ನಾಯಿಮರಿ ಹುಡುಕಿದಂತೆ ಮೂಸಿ ಮೂಸಿ ಹುಡುಕಿದಳು ಮಹೇಶ್ವರಾ. ಅಳುತ್ತಾಳೆ ಎಂದು ಎತ್ತಿಕೊಳ್ಳಲು ಹೋದೆ. ಅಳಲಿಲ್ಲ. ಎಲ್ಲವನ್ನೂ ಒಟ್ಟುಗೂಡಿಸಿ ನನ್ನ ಮಡಿಲಿಗೆ ಹಾಕಿ “ಅಜ್ಜಿ, ತಕೋ” ಎಂದಳು. ಅವತ್ತಿನಿಂದ ಇವತ್ತಿನವರೆಗೆ ತಾಯಿಯನ್ನು ಕೇಳಿಲ್ಲ. ಬಸ್ಸಿನ ಹಾರ್ನಿಗೆ ತಲೆಯೆತ್ತುವುದಿಲ್ಲ.

ಪಕ್ಕದ ಮನೆಯ ಶಾಂತಕ್ಕ ದಿನಾ ಬಂದು ಹೊಗಳುತ್ತಾಳೆ. “ಎಂತ ಕೈಗುಣವೇ ಮಾರಾಯ್ತಿ ನಿಂದು! ನಮ್ಮನೆ ಮೊಮ್ಮಗ ಇದ್ದಾನೆ ನೋಡು, ತಾಯಿ ಬಚ್ಚಲಿಗೆ ಹೋದ್ರೂ ಊರು ಒಂದು ಮಾಡ್ತಾನೆ. ಇದು ಕೂಸೋ, ಗೊಂಬೆಯೋ?” ನಾನು ನಗುತ್ತೇನೆ. ಅಪ್ಪಯ್ಯನಿಗೆ ಹೇಳಿದರೆ, “ಒಗ್ಗಿಕೊಂಡದ್ದನ್ನು ಎಂತಕ್ಕೆ ಕೆದಕ್ತೀಯೇ? ಅಳ್ಳಿ ಅಂತ ಇದೆಯಾ ನಿಂಗೆ?” ಎನ್ನುತ್ತಾರೆ. ಹೌದು, ಅಳಲಿ ಅಂತ ಇದೆ. ಮೊನ್ನೆ ಶುಕ್ರವಾರ ಅಮ್ಮನವರ ದರ್ಶನಕ್ಕೆ ಕರೆದುಕೊಂಡು ಹೋಗಿದ್ದೆ. ಸಾಲಿನಲ್ಲಿ ನಮ್ಮ ಹಿಂದಿದ್ದ ಬೇರೆ ಊರಿನ ಹೆಂಗಸು ಕೆನ್ನೆ ಮುಟ್ಟಿ “ನಿಮ್ಮಮ್ಮ ಎಲ್ಲವ್ಳೆ ಪುಟ್ಟಿ?” ಎಂದು ಕೇಳಿದಳು. ಕೂಸು ಹಿಂದೆ ಮುಂದೆ ನೋಡದೆ ಗರ್ಭಗುಡಿಯ ಕಡೆ ಬೆರಳು ತೋರಿಸಿತು. ಸುತ್ತಲಿದ್ದವರೆಲ್ಲ ಆಹಾ ಎಂದರು, ಪುಣ್ಯವಂತ ಮಗು ಎಂದರು. ದಿನಾ ಬೆಳಗ್ಗೆ ಅಮ್ಮನಿಗೆ ಕೈಮುಗಿ ಎಂದು ಹೇಳಿಕೊಟ್ಟವಳು ನಾನೇ. ಅವಳಿಗೆ ಈಗ ಆ ಒಬ್ಬಳು ಬಿಟ್ಟರೆ ಬೇರೆ ಅಮ್ಮ ನೆನಪಿಲ್ಲ. ಎದುರಿಗೆ ದೇವಿ ಕೂತಿದ್ದಾಳೆ, ನಾನು ಏನನ್ನೂ ಬೇಡಿಕೊಳ್ಳಲಾಗದೆ ತೀರ್ಥ ತೆಗೆದುಕೊಂಡು ಹೊರಗೆ ಬಂದೆ.

ಕಳೆದ ವಾರ ಬೂತಿಗೆ ಕರೆದುಕೊಂಡು ಹೋಗಿ ಕೊಪ್ಪಕ್ಕೆ ಫೋನ್ ಮಾಡಿದೆ. ಸಿರಾಜುದ್ದೀನ್ ಅವಳನ್ನು ಸ್ಟೂಲಿನ ಮೇಲೆ ನಿಲ್ಲಿಸಿ, “ಏನು ಮೇಡಂ, ಲೋಕಲ್ಲಾ, ಎಸ್.ಟಿ.ಡಿ.ಯಾ?” ಎಂದು ತಮಾಷೆ ಮಾಡಿ ಪೆಪ್ಪರ್‌ಮಿಂಟು ಕೊಟ್ಟ. ಭಾರತಿ ಆ ಕಡೆಯಿಂದ ಪುಟ್ಟೀ, ಪುಟ್ಟೀ ಎಂದು ಕರೆಯುವುದು ನನಗೂ ಕೇಳುತ್ತಿತ್ತು. ಕೂಸು ಸ್ವಲ್ಪ ಹೊತ್ತು ಕೇಳಿಸಿಕೊಂಡು, ಸೀರೆ ಕೊಟ್ಟ ಹಾಗೆಯೇ ರಿಸೀವರನ್ನು ನನಗೆ ಕೊಟ್ಟಿತು. ಭಾರತಿ ಕೇಳಿದಳು, “ಅತ್ತೆ, ಅವಳು ನನ್ನ ಕೇಳ್ತಾಳಾ?” ಕೇಳ್ತಾಳೆ ಕಣೇ, ದಿನಾ ಕೇಳ್ತಾಳೆ ಎಂದೆ. ಹೊಟ್ಟೆಯಲ್ಲಿ ಕೂಸನ್ನು ಇಟ್ಟುಕೊಂಡು ಅಲುಗಾಡದೆ ಮಲಗಿದವಳಿಗೆ ಬೇರೆ ಏನು ಹೇಳಲಿ? ದೇವರು ಈ ಸುಳ್ಳನ್ನು ಎಲ್ಲಿ ಬರೆದುಕೊಳ್ಳುತ್ತಾನೋ ತಿಳಿಯದು.

ಇನ್ನೊಂದು ವಿಷಯ ಬರೆಯಬೇಕೋ ಬೇಡವೋ ಎಂದು ಮೂರು ದಿನದಿಂದ ಯೋಚಿಸುತ್ತಿದ್ದೇನೆ. ನನಗೆ ತಲೆ ಕೆಟ್ಟಿಲ್ಲ, ಮೊದಲೇ ಹೇಳುತ್ತೇನೆ. ನಿನಗೆ ಎರಡು ವರ್ಷವಾದಾಗ ಊಟದ ಮಣೆಯನ್ನು ಎಳೆದುಕೊಂಡು ಬರುವ ಅಭ್ಯಾಸವಿತ್ತು. ನಾನು ಎಲ್ಲಿ ಕೆಲಸಕ್ಕೆ ಕೂತಿದ್ದರೂ ಅಲ್ಲಿಗೆ ತಂದು, ಬೆನ್ನಿಗೆ ಬೆನ್ನು ತಾಗಿಸಿ ಕೂರುತ್ತಿದ್ದೆ. ಇದೇ ಮನೆ, ಇದೇ ನಡುಮನೆ. ಈಗ ಮಧ್ಯಾಹ್ನ ಕೂಸು ಮಲಗಿರುತ್ತದೆ, ಅಪ್ಪಯ್ಯ ವಸತಿಯಲ್ಲಿ, ನಾನು ಬತ್ತಿ ಹೊಸೆಯುತ್ತಾ ಕೂತಿರುತ್ತೇನೆ, ಆಗ ನನ್ನ ಹಿಂದೆ ಮಣೆ ಎಳೆದ ಸದ್ದು ಕೇಳುತ್ತದೆ. ಮೊದಲ ದಿನ ಮಹಿಮಾ ಎದ್ದಳೆಂದು ತಿರುಗಿ ನೋಡಿದೆ. ಅವಳು ಚಾಪೆಯ ಮೇಲೆ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದಳು. ಮಣೆ ಗೋಡೆಗೆ ಒರಗಿಕೊಂಡೇ ಇತ್ತು. ಸಿಮೆಂಟು ನೆಲದ ಮೇಲೆ ಮಣೆ ಎಳೆದರೆ ಕಿರ್ ಎನ್ನುತ್ತದೆ. ನನಗೆ ಕೇಳುವುದು ಹಾಗಲ್ಲ, ಮೆತ್ತಗೆ, ಸಗಣಿ ಸಾರಿಸಿದ ಮಣ್ಣಿನ ನೆಲದ ಮೇಲೆ ಎಳೆದ ಹಾಗೆ. ಈ ಮನೆಯಲ್ಲಿ ಮಣ್ಣಿನ ನೆಲ ಹೋಗಿ ಇಪ್ಪತ್ತು ವರ್ಷವಾಯಿತು. ಈಗ ತಿರುಗಿ ನೋಡುವುದನ್ನು ಬಿಟ್ಟಿದ್ದೇನೆ. ಬೆನ್ನನ್ನು ನೆಟ್ಟಗೆ ಮಾಡಿ ಕೂರುತ್ತೇನೆ. ಯಾರೂ ಬಂದು ಒರಗುವುದಿಲ್ಲ. ಸತ್ತವರಾದರೆ ಎಳ್ಳುನೀರು ಬಿಟ್ಟು, ನಾರಾಯಣ ಎಂದು ಬಿಡಬಹುದಿತ್ತು. ರಾಯಚೂರಿನಲ್ಲಿ ಕೆಲಸಕ್ಕೆ ಹೋಗುತ್ತಿರುವ ನನ್ನ ಮಗನ ಹೆಸರಿನಲ್ಲಿ ಯಾವ ಶಾಂತಿ ಮಾಡಿಸಲಿ?

ನೀನು ಕೇಳಿದೆಯಲ್ಲ, ನಿನಗೆ ಎಂತ ಆಗಿದೆ ಎಂದು. ನಿನ್ನ ತಮ್ಮ ನನ್ನ ಹೊಟ್ಟೆಯಲ್ಲಿದ್ದಾಗ ನಿನ್ನನ್ನು ನೆಮ್ಮಾರಿನ ನನ್ನ ತವರಿಗೆ ಕಳಿಸಿದರು. ನೆಮ್ಮಾರು ದೂರವೇ? ನಡೆದು ಹೋದರೂ ಬೆಳಗಿನ ತಿಂಡಿ ಮುಗಿಸಿ ಹೊರಟವರು ಊಟಕ್ಕೆ ತಲುಪಬಹುದು. ಆದರೂ ಐದು ತಿಂಗಳು ನಾನು ನಿನ್ನ ಮುಖ ನೋಡಲಿಲ್ಲ. ಕಂಡರೆ ಹಂಬಲ ಹೆಚ್ಚುತ್ತದೆ, ಕಾಣಿಸಿಕೊಳ್ಳಬೇಡ ಎಂದು ದೊಡ್ಡವರು ಹೇಳಿದರು, ನಾನು ಕೇಳಿದೆ. ನಿನ್ನ ತಮ್ಮ ಹುಟ್ಟಿ, ಹೆಸರಿಡುವ ಮೊದಲೇ ಹೋದ. ನನಗೆ ಬಾಣಂತಿ ಜ್ವರ ಹಿಡಿದು ಕಾಲು ಬಾತು, ಮತ್ತೊಂದು ವರ್ಷ ಹಾಗೇ ಹೋಯಿತು. ಏಳುವಂತಾದ ದಿನವೇ ನೆಮ್ಮಾರಿಗೆ ಹೋದೆ. ನೀನು ಅಂಗಳದಲ್ಲಿ ನಿಂತಿದ್ದೆ. ನನ್ನನ್ನು ನೋಡಿ ನನ್ನ ಅಮ್ಮನ ಸೀರೆಯ ಹಿಂದೆ ಹೋಗಿ, “ಅಮ್ಮಾ, ಯಾರೋ ಬಂದ್ರು” ಎಂದೆ. ನನ್ನ ತಮ್ಮಂದಿರು “ಅಕ್ಕ ಬಂತು, ಶಾರದಕ್ಕ ಬಂತು” ಎಂದು ಓಡಿ ಬಂದರು. ನೀನೂ ಅವರ ಜೊತೆ ಕುಣಿಯುತ್ತಾ ಅಕ್ಕ ಬಂತು ಎಂದೆ. ಎಲ್ಲರೂ ನಕ್ಕರು. ನಾನೂ ನಕ್ಕೆ. ತಿದ್ದುವುದಕ್ಕೆ ಇನ್ನೂ ಬೇಕಾದಷ್ಟು ದಿನವಿದೆ ಎಂದುಕೊಂಡೆ.

ನನ್ನ ಅಮ್ಮನನ್ನು ಬಿಟ್ಟು ಬರಲು ಒಪ್ಪದ ನೀನು ಶಾಲೆಗೆ ಸೇರುವ ಹೊತ್ತಿಗಷ್ಟೇ ಇಲ್ಲಿಗೆ ಬಂದೆ. ಒಳ್ಳೆಯ ಮಾಣಿ ಎಂದು ಕೇರಿಯೆಲ್ಲ ಹೇಳುತ್ತಿತ್ತು. ಜ್ವರ ಬಂದರೆ “ಅಕ್ಕ, ಸ್ವಲ್ಪ ನೀರು ಕೊಡ್ತೀಯಾ?” ಎಂದು ನೆಂಟರ ಮನೆಯಲ್ಲಿ ಕೇಳಿದ ಹಾಗೆ ಕೇಳುತ್ತಿದ್ದೆ. ಬಿದ್ದು ಮಂಡಿ ಒಡೆದುಕೊಂಡರೆ ಗೋಡೆ ಹಿಡಿದು ನಿಲ್ಲುತ್ತಿದ್ದೆ, ನನ್ನ ಹತ್ತಿರ ಓಡಿ ಬರಲಿಲ್ಲ. ನಿನ್ನ ಮದುವೆಯಲ್ಲಿ ಪುರೋಹಿತರು ತಾಯಿಗೆ ನಮಸ್ಕಾರ ಮಾಡು ಎಂದಾಗ ನೀನು ಒಂದು ಗಳಿಗೆ ಸುತ್ತಲೂ ನೋಡಿದೆ. ನೆಮ್ಮಾರಿನ ಅಮ್ಮ ತೀರಿಕೊಂಡು ಆಗ ವರ್ಷವಾಗಿತ್ತು. ಆಮೇಲೆ ನಿನಗೆ ನೆನಪಾಗಿ ನನ್ನ ಕಾಲಿಗೆ ಬಿದ್ದೆ. ಆ ಒಂದು ಗಳಿಗೆಯನ್ನು ನಾನು ಯಾರಿಗೂ ಹೇಳಿಲ್ಲ. ನಿನ್ನ ತಪ್ಪಲ್ಲ, ನನ್ನ ಅಮ್ಮನ ತಪ್ಪೂ ಅಲ್ಲ, ಅವಳು ನಿನ್ನನ್ನು ಕಣ್ಣಿನ ಹಾಗೆ ಸಾಕಿದಳು. ನೀನು ಬೆಳೆದೆ, ಚೆನ್ನಾಗಿಯೇ ಬೆಳೆದೆ. ಆದರೆ ನಾನು ಕಳಿಸಿದ ಎರಡು ವರ್ಷದ ಮಾಣಿ ನೆಮ್ಮಾರಿನಿಂದ ಇನ್ನೂ ಮನೆಗೆ ಬಂದಿಲ್ಲ.

ಆದ್ದರಿಂದ ಕೇಳುತ್ತಿದ್ದೇನೆ. ಭಾರತಿಗೆ ಹೆರಿಗೆ ಜೂನ್ ಕೊನೆಗೆ. ಅಷ್ಟರಲ್ಲಿ ಇವಳಿಗೆ ತಾಯಿ ಎನ್ನುವವಳು ಫೋನಿನೊಳಗಿನ ಯಾರೋ ಆಗಿಬಿಡುತ್ತಾಳೆ. ನೀನು ಒಪ್ಪಿದರೆ ವಾರಕ್ಕೊಮ್ಮೆಯಾದರೂ ಕರೆದುಕೊಂಡು ಹೋಗಿ, ಮಂಚದ ಹತ್ತಿರ ಕೂರಿಸಿಕೊಂಡು ಬರುತ್ತೇನೆ. ಬರುವಾಗ ಅತ್ತರೆ ಅಳಲಿ, ದಾರಿಯುದ್ದಕ್ಕೂ ಎತ್ತಿಕೊಂಡು ಬರುವ ಶಕ್ತಿ ನನಗೆ ಇನ್ನೂ ಇದೆ. ಆ ಮನೆ ಈ ಮನೆಯವರಿಗೆ ಬೇಸರವಾಗದ ಹಾಗೆ ನೀನೇ ಒಂದು ಮಾತು ಬರೆದರೆ ಅಪ್ಪಯ್ಯನೂ ಇಲ್ಲ ಎನ್ನುವುದಿಲ್ಲ. ಕೂಡಲೇ ಉತ್ತರ ಹಾಕು. ಬೆವರಿದ ಮೈಗೆ ತಣ್ಣೀರು ಸುರಿದುಕೊಳ್ಳಬೇಡ. ಸಂಜೆ ದೀಪ ಹಚ್ಚುವುದನ್ನು ಬಿಡಬೇಡ. ಶಾರದಾಂಬೆ ನಿನ್ನನ್ನೂ ಭಾರತಿಯನ್ನೂ ಎರಡು ಕೂಸುಗಳನ್ನೂ ತನ್ನ ಮಡಿಲಲ್ಲಿ ಇಟ್ಟುಕೊಳ್ಳಲಿ.

ನಿನ್ನನ್ನು ಹೆತ್ತವಳು,
ಶಾರದಾಂಬ

ತಾ.ಕ.: ಅಂಟು ಹಾಕಿದ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಉತ್ತರ ಬೇಡ, ಕಾಯುವುದಿಲ್ಲ. ಹನ್ನೊಂದೂವರೆಯ ಬಸ್ಸಿಗೆ ಕೂಸನ್ನು ಕರೆದುಕೊಂಡು ಕೊಪ್ಪಕ್ಕೆ ಹೊರಟಿದ್ದೇನೆ. ನನ್ನ ಬಟ್ಟೆಯನ್ನೂ ಕಟ್ಟಿಕೊಂಡಿದ್ದೇನೆ. ಹೆರಿಗೆಯಾಗುವವರೆಗೆ ಇಬ್ಬರೂ ಅಲ್ಲೇ ಇರುತ್ತೇವೆ. ಎತ್ತುವುದು, ಇಳಿಸುವುದು, ತೊಳೆಯುವುದು ನಾನು ಮಾಡುತ್ತೇನೆ. ಬೀಗರ ಮನೆಯಲ್ಲಿ ನನ್ನ ಮಡಿ ನಡೆದಷ್ಟು ನಡೆಯಲಿ. ಅಪ್ಪಯ್ಯನಿಗೆ ಅನ್ನ ಸಾರು ಮುಚ್ಚಿಟ್ಟು, ಬೀಗದ ಕೈ ಶಾಂತಕ್ಕನ ಹತ್ತಿರ ಕೊಟ್ಟಿದ್ದೇನೆ. ಕೋಪ ಬಂದರೆ ಮಾಡಿಕೊ. ಮೇಲೆ ಇಷ್ಟುದ್ದ ಬರೆದರೂ ಒಂದನ್ನು ಬರೆಯದೆ ಬಿಟ್ಟಿದ್ದೆ. ಇವತ್ತು ಬೆಳಗ್ಗೆ ನಾನು ದೋಸೆಗೆ ರುಬ್ಬುತ್ತಿದ್ದಾಗ ಅವಳು ಹಿಂದಿನಿಂದ ಬಂದು ಸೆರಗು ಹಿಡಿದು “ಅಮ್ಮಾ” ಎಂದಳು. ಅಜ್ಜಿ ಕಣೇ ಎನ್ನಬೇಕಿತ್ತು. ನಾನು “ಓ” ಎಂದೆ. ಮತ್ತೆ ಕರೆದಳು. ಮತ್ತೆ “ಓ” ಎಂದೆ. ಆಮೇಲೆ ರುಬ್ಬುವುದನ್ನು ನಿಲ್ಲಿಸಿ, ಮೂರನೇ ಸಲ ಕರೆಯಲಿ ಎಂದು ಉಸಿರು ಬಿಗಿಹಿಡಿದು ಕಾದು ಕೂತೆ.